ಉಂಡ ಮನೆಯ ಜಂತೆ ಎಣಿಸೋರು ಯಾರು?

'ಉಂಡ ಮನೆಯ ಜಂತೆ ಎಣಿಸಬಾರದು' ಅಂತ ಒಂದು ಗಾದೆ ಇದೆ. ಅಪಾರ್ಟ್‌ಮೆಂಟಿನಲ್ಲೇ ಹುಟ್ಟಿ ಬೆಳೆದವರಿಗೆ ಜಂತೆ ಅಂದ್ರೇನು ಅಂತ ಹೇಳಬೇಕಾಗಬಹುದು. ಹಳೇ ಮನೆಗಳಲ್ಲಿ ಚಾವಣಿಯ ಭಾರ ಹೊರೋಕೆ ಸಾಲಾಗಿ ಕೂರಿಸಿರುವ ಮರಗಳು. ಕರೆದು ಊಟ ಹಾಕಿದ ಮನೆಯಲ್ಲಿ ಎಲೆ ಮುಂದೆ ಕೂತು, ತಲೆ ಎತ್ತಿ, ಎಷ್ಟು ಜಂತೆ ಇದೆ, ಯಾವುದಕ್ಕೆ ಗೆದ್ದಲು ಹಿಡಿದಿದೆ ಅಂತ ಲೆಕ್ಕ ಹಾಕಬೇಡ, ಅನ್ನ ಹಾಕಿದವರ ಹುಳುಕು ಹುಡುಕಬೇಡ ಅನ್ನೋದು ಅದರ ತಾತ್ಪರ್ಯ.

ಒಳ್ಳೇ ಮಾತು. ನಮ್ಮ ನಂಟಸ್ತಿಕೆ, ಸ್ನೇಹ ಎಲ್ಲ ಉಳಿದುಕೊಂಡಿರೋದು ಇಂಥ ಸಂಕೋಚಗಳಿಂದಲೇ. ಆದರೆ ಜಂತೆ ಎಣಿಸೋದನ್ನೇ ಕಸುಬು ಮಾಡಿಕೊಂಡಿರುವ ಒಂದು ಲೋಕ ಇದೆ. ಅದು ವಿಜ್ಞಾನ. ಈ ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತಾ, ಈ ಅಂಕಿ ಅಂಶ ಸರಿ ಇದೆಯಾ, ಗೆದ್ದಲು ಎಲ್ಲಿ ಹಿಡಿದಿದೆ ಅಂತ ಹುಡುಕೋದೇ ಅಲ್ಲಿನ ದಿನದ ಕೆಲಸ. ಹುಡುಕುವವರೂ ಎಲ್ಲೋ ಒಂದು ಕಡೆ ಉಣ್ಣಲೇಬೇಕಲ್ಲ. ಕಂಪನಿ ಕೊಟ್ಟ ಅನುದಾನ, ಸಲಹೆಗೆ ಸಿಕ್ಕ ಫೀಸು, ಕೈಯಲ್ಲಿರುವ ಪೇಟೆಂಟು, ಗುರುಗಳ ಋಣ, ಗೆಳೆಯನ ಮೇಲಿನ ಪ್ರೀತಿ. ಹಾಗಾದರೆ ಉಂಡವರು ಎಣಿಸಿ ಹೇಳಿದ ಲೆಕ್ಕವನ್ನು ನಾವು ಎಷ್ಟು ನಂಬಬೇಕು?

ಇದು ಲ್ಯಾಬಿನವರ ತಲೆನೋವು, ನಮಗೇನು ಅಂತ ಅನ್ನಿಸಿದರೆ 2020ರ ಮಾರ್ಚ್ ನೆನಪಿಸಿಕೊಳ್ಳಿ.

ಫ್ರಾನ್ಸಿನ ಮಾರ್ಸೇ ನಗರದಲ್ಲಿ ದಿದಿಯೆ ರಾವುಲ್ ಅನ್ನೋ ಹೆಸರಾಂತ ಸೂಕ್ಷ್ಮಜೀವಿ ತಜ್ಞರ ತಂಡ ಒಂದು ಲೇಖನ ಬರೆಯಿತು. ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಕೋವಿಡ್‌ಗೂ ಕೆಲಸ ಮಾಡುತ್ತೆ, ಜೊತೆಗೆ ಅಜಿತ್ರೋಮೈಸಿನ್ ಸೇರಿಸಿದರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋದು ಅದರ ಸಾರಾಂಶ. ಲೇಖನ 'ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಆಂಟಿಮೈಕ್ರೋಬಿಯಲ್ ಏಜೆಂಟ್ಸ್' ಎಂಬ ಜರ್ನಲ್‌ಗೆ ಮಾರ್ಚ್ 16ಕ್ಕೆ ತಲುಪಿತು. 17ಕ್ಕೆ ಒಪ್ಪಿಗೆ ಸಿಕ್ಕಿತು. 20ಕ್ಕೆ ಆನ್‌ಲೈನ್‌ನಲ್ಲಿ ಬಂತು. 21ಕ್ಕೆ ಅಮೆರಿಕದ ಅಧ್ಯಕ್ಷ ಟ್ರಂಪ್ ಅದೇ ಜರ್ನಲ್‌ನ ಹೆಸರು ಹಾಕಿ ಟ್ವೀಟ್ ಮಾಡಿದರು.

ಔಷಧಿ ಕೊಟ್ಟಿದ್ದು 26 ಜನರಿಗೆ. ಲೆಕ್ಕಕ್ಕೆ ತಗೊಂಡಿದ್ದು 20 ಜನರನ್ನು. ಬಿಟ್ಟುಹೋದ ಆರು ಜನರಲ್ಲಿ ಮೂವರು ಐಸಿಯುಗೆ ಹೋಗಿದ್ದರು, ಒಬ್ಬರು ತೀರಿಕೊಂಡಿದ್ದರು, ಒಬ್ಬರು ಆಸ್ಪತ್ರೆ ಬಿಟ್ಟು ಹೋಗಿದ್ದರು, ಒಬ್ಬರು ಹೊಟ್ಟೆ ತೊಳಸುತ್ತೆ ಅಂತ ಮಾತ್ರೆ ನಿಲ್ಲಿಸಿದ್ದರು. ಇದೆಲ್ಲ ಆ ಲೇಖನದಲ್ಲೇ ಬರೆದಿತ್ತು, ಗುಟ್ಟೇನೂ ಆಗಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದವರನ್ನು ಹಾಜರಾತಿಯಿಂದಲೇ ತೆಗೆದು ರಿಸಲ್ಟ್ ಹೇಳಿದ ಹಾಗಿದೆಯಲ್ಲ ಅಂತ ಕೇಳೋಕೆ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಡಿಗ್ರಿ ಬೇಕಿಲ್ಲ.

ಅದೇ ವಾರ ನಮ್ಮ ಐಸಿಎಂಆರ್ ಆರೋಗ್ಯ ಕಾರ್ಯಕರ್ತರು ಮುನ್ನೆಚ್ಚರಿಕೆಯಾಗಿ ಈ ಮಾತ್ರೆ ತಗೋಬಹುದು ಅಂತ ಸಲಹೆ ಕೊಟ್ಟಿತು. ಅದಕ್ಕೆ ಆ ಒಂದು ಲೇಖನವೇ ಕಾರಣ ಅಂತಲ್ಲ, ಐಸಿಎಂಆರ್ ಪ್ರಯೋಗಾಲಯದ ಅಧ್ಯಯನಗಳನ್ನು ಮುಂದಿಟ್ಟಿತ್ತು. ಆದರೆ ಆ ದಿನಗಳ ಗದ್ದಲ ನೆನಪಿದೆಯಲ್ಲ? ವಾಟ್ಸಾಪ್ ತುಂಬಾ ಅದೇ ಮಾತ್ರೆ. ಲೂಪಸ್, ಸಂಧಿವಾತ ಇದ್ದವರು ವರ್ಷಗಳಿಂದ ತಗೊಳ್ತಿದ್ದ ಮಾತ್ರೆ ಮೆಡಿಕಲ್ ಸ್ಟೋರುಗಳಲ್ಲಿ ಸಿಗದೆ ಪರದಾಡಿದರು. ಜೂನ್ ಹೊತ್ತಿಗೆ ಬ್ರಿಟನ್ನಿನ 'ರಿಕವರಿ' ಪ್ರಯೋಗ ಆಸ್ಪತ್ರೆ ಸೇರಿದ ಸುಮಾರು 4,700 ರೋಗಿಗಳ ಲೆಕ್ಕ ಇಟ್ಟು, ಈ ಔಷಧಿಯಿಂದ ಸಾವು ಕಮ್ಮಿ ಆಗಲ್ಲ ಅಂತ ಹೇಳಿತು.

ಈಗ ನಮ್ಮ ವಿಷಯಕ್ಕೆ ಬರೋಣ. ಆ ಮಾರ್ಸೇ ಲೇಖನದ ಲೇಖಕರಲ್ಲಿ ಒಬ್ಬರಾದ ಜಾನ್-ಮಾರ್ಕ್ ರೊಲೇನ್ ಅದೇ ಜರ್ನಲ್‌ನ ಪ್ರಧಾನ ಸಂಪಾದಕರೂ ಆಗಿದ್ದರು.

ಇದು ಗೊತ್ತಾದಾಗ ಜನ ಕೇಳಿದರು. ಜರ್ನಲ್‌ನ ಹಿಂದಿರುವ ವಿದ್ವತ್ ಸಂಸ್ಥೆ ಉತ್ತರ ಕೊಟ್ಟಿತು. ಲೇಖನದ ವಿಮರ್ಶೆಯಲ್ಲಿ ರೊಲೇನ್ ಕೈ ಹಾಕಿಲ್ಲ, ಇಡೀ ಜವಾಬ್ದಾರಿಯನ್ನು ಒಬ್ಬ ಸಹ ಸಂಪಾದಕರಿಗೆ ವಹಿಸಲಾಗಿತ್ತು ಅಂತ. ಅಂದ್ರೆ ರೂಲ್ ಬುಕ್ ಪ್ರಕಾರ ಏನು ಮಾಡಬೇಕೋ ಅದನ್ನು ಮಾಡಿದ್ದರು. ಉಂಡವರು ಎದ್ದು ಆಚೆ ಹೋಗಿದ್ದರು.

ಸಾಫ್ಟ್‌ವೇರಿನಲ್ಲಿ ಇರೋರಿಗೆ ಈ ಸನ್ನಿವೇಶ ತುಂಬಾ ಪರಿಚಿತ. ಗಿಟ್‌ಹಬ್‌ನಲ್ಲಿ ನಮ್ಮ ಪುಲ್ ರಿಕ್ವೆಸ್ಟನ್ನು ನಾವೇ ಅಪ್ರೂವ್ ಮಾಡೋಕೆ ಬರಲ್ಲ. ಒಳ್ಳೇ ನಿಯಮ. ಆದರೆ ಶುಕ್ರವಾರ ಸಂಜೆ ಆರೂವರೆಗೆ ಟೆಕ್ ಲೀಡ್ ತನ್ನ ಕೋಡನ್ನು ಟೀಮಿಗೆ ಸೇರಿ ನಾಲ್ಕು ತಿಂಗಳಾದ ಹುಡುಗನಿಗೆ ರಿವ್ಯೂಗೆ ಹಾಕಿದರೆ ಏನಾಗುತ್ತೆ? ಹುಡುಗ ಮೇಲಿಂದ ಕೆಳಗೆ ಒಂದ್ಸಲ ಸ್ಕ್ರಾಲ್ ಮಾಡಿ 'ಎಲ್‌ಜಿಟಿಎಂ' ಅಂತ ಬರೆದು ಬಸ್ ಹಿಡೀತಾನೆ. ಲೀಡ್ ಮೋಸ ಮಾಡಿದನಾ? ಇಲ್ಲ. ಹುಡುಗ? ಅವನೂ ಇಲ್ಲ. ಕೈ ಬದಲಾಗಿದೆ, ನಿಯಮ ಪಾಲನೆ ಆಗಿದೆ, ಎಣಿಕೆ ಮಾತ್ರ ಆಗಿಲ್ಲ. ಪ್ರಧಾನ ಸಂಪಾದಕರ ಲೇಖನವನ್ನು ಅವರ ಕೈಕೆಳಗಿನ ಸಂಪಾದಕರು ನೋಡೋದರಲ್ಲೂ ಅದೇ ತೊಡಕು ಇದೆ. ಯಜಮಾನರು ಎದ್ದು ಆಚೆ ಹೋಗಿ, ಎಣಿಸು ಅಂತ ಮನೆ ಆಳಿಗೆ ಹೇಳಿದಂತೆ.

ಹಾಗಂತ ಇಲ್ಲಿ ಯಾರೋ ಬೇಕಂತಲೇ ಮೋಸ ಮಾಡಿದರು ಅಂತ ನಾನು ಹೇಳ್ತಿಲ್ಲ. ಹಿತಾಸಕ್ತಿ ಸಂಘರ್ಷ ಅನ್ನೋ ಮಾತು ಬಂದಾಗಲೆಲ್ಲ ನಾವು ಎಡವೋದು ಇಲ್ಲೇ. ಇದನ್ನು ನಾವು ಆರೋಪ ಅಂದುಕೊಳ್ತೀವಿ.

ಈ ಪದ ನಮ್ಮಲ್ಲಿ ಮನೆಮಾತಾಗಿದ್ದು ಕ್ರಿಕೆಟ್‌ನಿಂದ. 2019ರಲ್ಲಿ ರಾಹುಲ್ ದ್ರಾವಿಡ್ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದಾಗ, ಬಿಸಿಸಿಐನ ನೈತಿಕ ಅಧಿಕಾರಿ ಅವರಿಗೆ ನೋಟಿಸ್ ಕೊಟ್ಟರು. ಚೆನ್ನೈ ಸೂಪರ್ ಕಿಂಗ್ಸ್ ಜೊತೆ ನಂಟಿರುವ ಇಂಡಿಯಾ ಸಿಮೆಂಟ್ಸ್‌ನಲ್ಲಿ ಅವರಿಗೆ ಹುದ್ದೆ ಇತ್ತು, ರಜೆ ಹಾಕಿ ಬಂದಿದ್ದರು. 'ದ್ರಾವಿಡ್‌ಗೇ ನೋಟಿಸಾ!' ಅಂತ ನಮಗೆಲ್ಲ ಉರಿದುಹೋಯ್ತು. ಅದೇ ನವೆಂಬರ್‌ನಲ್ಲಿ ದೂರು ವಜಾ ಆಯ್ತು. ಆದರೆ ಯೋಚನೆ ಮಾಡಿ ನೋಡಿದರೆ, ಆ ನೋಟಿಸಿನಲ್ಲಿ ಅವಮಾನ ಎಲ್ಲಿತ್ತು? ಎರಡು ಕಡೆ ಕುರ್ಚಿ ಇದೆಯಾ ಅಂತ ಕೇಳಿದರು, ಹೀಗಿದೆ ಅಂತ ಹೇಳಿದರು, ಸರಿ ಅಂದರು. ದ್ರಾವಿಡ್ ಎಂಥ ಮನುಷ್ಯ ಅನ್ನೋದು ಆ ಪ್ರಶ್ನೆಯೊಳಗೆ ಇರಲೇ ಇಲ್ಲ. ನಾವು ಅದನ್ನು ಅಲ್ಲಿ ಸೇರಿಸಿ ಓದಿಕೊಂಡೆವು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ವಿಜ್ಞಾನಿಗಳೂ ಹಾಗೇ. 'ನಿಮಗೆ ಈ ಕಂಪನಿ ಜೊತೆ ಸಂಬಂಧ ಇದೆಯಾ?' ಅಂತ ಜರ್ನಲ್ ಫಾರ್ಮ್ ಕೇಳಿದರೆ 'ನಾನು ದುಡ್ಡು ತಗೊಂಡು ಬರೆಯೋನಾ?' ಅಂತ ಕೇಳಿಸುತ್ತೆ. ಕಳ್ಳತನ ಮಾಡದವರೂ ಹೆಗಲು ಒರೆಸಿಕೊಳ್ತಾರೆ, ಆಮೇಲೆ ಕಾಲಂನಲ್ಲಿ 'ಏನೂ ಇಲ್ಲ' ಅಂತ ಬರೀತಾರೆ.

ನಿಜವಾಗಿ ಆಗೋದು ಏನು ಅಂತ ಹೇಳೋಕೆ ಇನ್ನೊಂದು ಗಾದೆ ಸರಿಹೊಂದುತ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು. ಹೆತ್ತವಳು ಸುಳ್ಳು ಹೇಳ್ತಿಲ್ಲ, ಅವಳ ಕಣ್ಣಿಗೆ ಅದು ನಿಜಕ್ಕೂ ಮುದ್ದಾಗೇ ಕಾಣುತ್ತೆ. ತನ್ನ ಇಪ್ಪತ್ತು ವರ್ಷದ ಸಿದ್ಧಾಂತವನ್ನು ಎತ್ತಿ ಹಿಡಿಯೋ ಲೇಖನ ರಿವ್ಯೂಗೆ ಬಂದರೆ ಅದರ ಸಣ್ಣ ತಪ್ಪುಗಳು ಸಣ್ಣದಾಗಿ ಕಾಣುತ್ತವೆ. ಅದನ್ನು ಮುರಿಯೋ ಲೇಖನ ಬಂದರೆ ಅದೇ ತಪ್ಪುಗಳು ಬೆಟ್ಟ. ತಕ್ಕಡಿ ಹಿಡಿದವನಿಗೆ ತನ್ನ ಬೆರಳು ತಟ್ಟೆಗೆ ತಾಕಿದ್ದು ಗೊತ್ತೇ ಆಗಲ್ಲ. ಆದ್ದರಿಂದ 'ನಾನು ಪ್ರಾಮಾಣಿಕ' ಅನ್ನೋದು ಈ ಪ್ರಶ್ನೆಗೆ ಉತ್ತರವೇ ಆಗಲ್ಲ. ಪ್ರಾಮಾಣಿಕನಿಗೂ ತನ್ನ ವಾಲುವಿಕೆ ಒಳಗಿನಿಂದ ಕಾಣದು. ಇನ್ನೂ ಹೇಳಬೇಕಂದ್ರೆ, ಕೃತಜ್ಞತೆ ಇರೋ ಒಳ್ಳೇ ಮನುಷ್ಯನಿಗೇ ಇದರ ಅಪಾಯ ಜಾಸ್ತಿ. ಉಪ್ಪಿನ ಋಣ ಅವನನ್ನು ಎಳೆಯುವಷ್ಟು ಬಲವಾಗಿ ಕೃತಘ್ನನನ್ನು ಎಳೆಯಲ್ಲ.

ಇದಕ್ಕೆ ಸಕ್ಕರೆಯ ಕತೆ ಒಳ್ಳೇ ಉದಾಹರಣೆ. ಅಮೆರಿಕದ ಸಕ್ಕರೆ ಉದ್ಯಮದ 'ಶುಗರ್ ರಿಸರ್ಚ್ ಫೌಂಡೇಶನ್' 1965ರಲ್ಲಿ ಹಾರ್ವರ್ಡ್‌ನ ಪೌಷ್ಟಿಕಾಂಶ ತಜ್ಞರಿಗೆ 6,500 ಡಾಲರ್ ಕೊಟ್ಟು, ಹೃದ್ರೋಗದ ಬಗ್ಗೆ ಅದುವರೆಗಿನ ಅಧ್ಯಯನಗಳ ಸಮೀಕ್ಷೆ ಬರೆಸಿತು. ಕರಡನ್ನು ಮೊದಲೇ ನೋಡಿ ಸಮಾಧಾನವನ್ನೂ ಸೂಚಿಸಿತು. 1967ರಲ್ಲಿ ಅದು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯ್ತು. ಸಕ್ಕರೆಯ ಮೇಲೆ ಬೊಟ್ಟು ಮಾಡಿದ ಅಧ್ಯಯನಗಳ ಹುಳುಕನ್ನೆಲ್ಲ ಎತ್ತಿ ಹಿಡಿದು, ತಪ್ಪು ಕೊಬ್ಬಿನದು ಅಂತ ಹೇಳಿತು. ದುಡ್ಡಿನ ವಿಷಯ ಅದರಲ್ಲಿ ಇರಲಿಲ್ಲ. ಹೇಳಲೇಬೇಕು ಅನ್ನೋ ನಿಯಮವೂ ಇರಲಿಲ್ಲ, ಆ ಜರ್ನಲ್ ಅಂಥ ನಿಯಮ ತಂದಿದ್ದು 1984ರಲ್ಲಿ. ಕ್ರಿಸ್ಟಿನ್ ಕರ್ನ್ಸ್ ಮತ್ತು ಸಂಗಡಿಗರು ಹಳೇ ಪತ್ರಗಳನ್ನು ಹುಡುಕಿ ತೆಗೆದು ಇದನ್ನು 2016ರಲ್ಲಿ ಬರೆದ ಮೇಲೆ ಜಗತ್ತಿಗೆ ಗೊತ್ತಾಯ್ತು.

ಕತೆ ಇಲ್ಲಿಗೇ ಮುಗಿದಿದ್ದರೆ ಸುಲಭ ಇತ್ತು. ಖಳರು ಸಿಕ್ಕರು, ಸಿನಿಮಾ ಮುಗೀತು. ಆದರೆ 2018ರಲ್ಲಿ ಇಬ್ಬರು ಇತಿಹಾಸಕಾರರು 'ಸೈನ್ಸ್' ಜರ್ನಲ್‌ನಲ್ಲಿ ಬೇರೆ ಮಾತು ಹೇಳಿದರು. ಆ ಕಾಲದಲ್ಲಿ ಉದ್ಯಮದಿಂದ ದುಡ್ಡು ತಗೊಳ್ಳೋದು ಮಾಮೂಲಾಗಿತ್ತು, ಕೊಬ್ಬಿನ ಬಗ್ಗೆ ಆ ತಜ್ಞರ ಅಭಿಪ್ರಾಯಕ್ಕೆ ಆಗಿನ ವಿಜ್ಞಾನದಲ್ಲೇ ಆಧಾರ ಇತ್ತು, ಇದನ್ನು ಪಿತೂರಿ ಅನ್ನೋದು ತಪ್ಪು ಅಂತ. ಯಾರು ಸರಿ? ಆ ತಜ್ಞರು ದುಡ್ಡಿಗಾಗಿ ಹಾಗೆ ಬರೆದರಾ, ನಂಬಿದ್ದನ್ನೇ ಬರೆದರಾ ಅನ್ನೋದನ್ನು ಅರ್ಧ ಶತಮಾನದ ಮೇಲೆ ಯಾರು ಬಿಡಿಸಿ ಹೇಳ್ತಾರೆ? ನನ್ನ ಪ್ರಕಾರ ನಿಜವಾದ ನಷ್ಟ ಇದೇ. ತೀರ್ಪು ತಪ್ಪಾಗಿದ್ದಿರಬಹುದು, ಸರಿಯೇ ಇದ್ದಿರಬಹುದು. ಆದರೆ ಅದು ಸರಿಯಿದ್ದರೂ ಅದನ್ನು ನಂಬುವ ದಾರಿ ಮುಚ್ಚಿಹೋಯ್ತು. ಆ 6,500 ಡಾಲರ್ ಒಂದು ವಾಕ್ಯವನ್ನೂ ಬದಲಾಯಿಸದೇ ಇದ್ದಿರಬಹುದು, ಆದರೂ ಪ್ರತಿ ವಾಕ್ಯದ ಮೇಲೂ ಅದರ ನೆರಳು ಬಿತ್ತು.

ಹಾಗಾದರೆ ಪರಿಹಾರ ಏನು? ಈಗ ಜರ್ನಲ್‌ಗಳು ಹೇಳೋ ಸಾಮಾನ್ಯ ಪರಿಹಾರ, ಬಹಿರಂಗಪಡಿಸಿ. ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಫಾರ್ಮ್ ಕಳೆದ 36 ತಿಂಗಳ ಅನುದಾನ, ಫೀಸು, ಷೇರು, ಪ್ರಯಾಣದ ಖರ್ಚು ಎಲ್ಲ ಕೇಳುತ್ತೆ. ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದು ಬರುತ್ತೆ. ಹೇಳಿಬಿಟ್ಟರೆ ಆಯ್ತಲ್ಲ, ಮುಚ್ಚಿಡಲಿಲ್ಲವಲ್ಲ?

ಡೇಲಿಯನ್ ಕೇನ್, ಜಾರ್ಜ್ ಲೋವೆನ್‌ಸ್ಟೀನ್, ಡಾನ್ ಮೂರ್ ಅನ್ನೋ ಮೂವರು ಸಂಶೋಧಕರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತೆ. ಒಂದು ಜಾಡಿ ತುಂಬಾ ಚಿಲ್ಲರೆ ನಾಣ್ಯ. ಒಬ್ಬರು ಅದನ್ನು ದೂರದಿಂದ ಸ್ವಲ್ಪ ಹೊತ್ತು ನೋಡಿ ಒಟ್ಟು ಎಷ್ಟಿದೆ ಅಂತ ಅಂದಾಜು ಹೇಳಬೇಕು, ಅಂದಾಜು ಸರಿಯಾದಷ್ಟೂ ದುಡ್ಡು. ಇನ್ನೊಬ್ಬರು ಜಾಡಿಯನ್ನು ಹತ್ತಿರದಿಂದ ನೋಡಿ ಅವರಿಗೆ ಸಲಹೆ ಕೊಡಬೇಕು. ಆದರೆ ಕೆಲವು ಸಲಹೆಗಾರರಿಗೆ ದುಡ್ಡು ಸಿಗೋದು ಅಂದಾಜು ಜಾಸ್ತಿಯಾದಷ್ಟೂ. ನಿರೀಕ್ಷೆಯಂತೆ ಅವರು ಜಾಸ್ತಿಯೇ ಹೇಳಿದರು. ಆಮೇಲೆ, ಈ ವಿಷಯವನ್ನು ಎದುರಿನವರಿಗೆ ಮೊದಲೇ ತಿಳಿಸಿದಾಗ ಸಲಹೆಗಾರರು ಹುಷಾರಾಗಬೇಕಿತ್ತಲ್ಲ? ಇನ್ನೂ ಜಾಸ್ತಿ ಹೇಳಿದರು. ಕೇಳಿಸಿಕೊಂಡವರು ಸ್ವಲ್ಪ ಕಳೆದು ನೋಡಿದರು, ಆದರೆ ಸಾಕಷ್ಟು ಕಳೆಯಲಿಲ್ಲ. ಕೊನೆಗೆ ಬಹಿರಂಗಪಡಿಸಿದ್ದರಿಂದ ಅವರಿಗೆ ನಷ್ಟವೇ ಆಯ್ತು.

'ಹೇಳಿದ್ದೀನಲ್ಲ, ಇನ್ನು ನಿನ್ನ ಜವಾಬ್ದಾರಿ' ಅನ್ನೋ ಮನಸ್ಸು ಎಷ್ಟು ಸಹಜವಾಗಿ ಬರುತ್ತೆ ನೋಡಿ. ತಪ್ಪೊಪ್ಪಿಗೆ ಮಾಡಿ ಹಗುರಾದಂತೆ. ಹಗುರಾದವರು ಹೇಳಿದವರು, ಭಾರ ಬಂದಿದ್ದು ಓದುವವರ ತಲೆಗೆ. ಹಾವೇರಿಯಲ್ಲೋ ಸಿಂಧನೂರಿನಲ್ಲೋ ದಿನಕ್ಕೆ ನೂರು ರೋಗಿಗಳನ್ನು ನೋಡೋ ಒಬ್ಬ ಡಾಕ್ಟರ್ ಇದ್ದಾರೆ ಅಂದುಕೊಳ್ಳಿ. ಲೇಖನದ ತುದಿಯಲ್ಲಿ 'ಲೇಖಕರು ಈ ಕಂಪನಿಯಿಂದ ಗೌರವಧನ ಪಡೆದಿದ್ದಾರೆ' ಅಂತ ಬರೆದಿದೆ. ಅವರು ಈಗ ಏನು ಮಾಡಬೇಕು? ಫಲಿತಾಂಶದಲ್ಲಿ ಹತ್ತು ಪರ್ಸೆಂಟ್ ಕಳೀಬೇಕಾ, ಐವತ್ತಾ, ಪೂರ್ತಿ ಬಿಸಾಡಬೇಕಾ? ಇನ್ನೊಂದು ಕಡೆಯಿಂದಲೂ ಅನ್ಯಾಯ ಆಗುತ್ತೆ. ಅಮೆರಿಕದ ವೈದ್ಯರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕಂಪನಿ ದುಡ್ಡು ಅಂತ ಬರೆದಿದ್ದ ಕೂಡಲೇ ವೈದ್ಯರು ಆ ಪ್ರಯೋಗವನ್ನು ಕಮ್ಮಿ ನಂಬಿದರು. ಪ್ರಯೋಗವನ್ನು ಅಚ್ಚುಕಟ್ಟಾಗಿ ಮಾಡಿದ್ದರೂ ಅಷ್ಟೇ. ಅಂದ್ರೆ ಬರೀ ಬಹಿರಂಗಪಡಿಸೋದರಿಂದ ಕೆಟ್ಟ ಕೆಲಸ ನಿಲ್ಲಲ್ಲ, ಒಳ್ಳೇ ಕೆಲಸಕ್ಕೂ ಮಸಿ ಹತ್ತುತ್ತೆ.

ಬಹಿರಂಗಪಡಿಸೋದು ಬೇಡ ಅಂತಲ್ಲ. ಅದಿಲ್ಲದೆ ಮುಂದಿನ ಹೆಜ್ಜೆ ಇಡೋಕೇ ಆಗಲ್ಲ. ಆದರೆ ಅದು ಮೊದಲ ಹೆಜ್ಜೆ ಮಾತ್ರ.

ಇನ್ನು ಎಣಿಸೋಕೆ ಕೂರಿಸಿದ ಜರ್ನಲ್‌ಗಳು ತಾವೇನು ಉಪವಾಸ ಇವೆಯಾ? ಮರ್ಕ್ ಕಂಪನಿಯ ನೋವಿನ ಮಾತ್ರೆ ವಯಾಕ್ಸ್ ಬಗ್ಗೆ ಒಂದು ದೊಡ್ಡ ಪ್ರಯೋಗದ ವರದಿ 2000ದಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್'ನಲ್ಲಿ ಬಂತು. ಅದರ ಒಂಬತ್ತು ಲಕ್ಷಕ್ಕೂ ಹೆಚ್ಚು ಮರುಮುದ್ರಿತ ಪ್ರತಿಗಳನ್ನು ಕಂಪನಿ ಕೊಂಡುಕೊಂಡಿತು. ಹೃದಯಕ್ಕೆ ಅಪಾಯ ಅಂತ 2004ರಲ್ಲಿ ಮಾತ್ರೆಯನ್ನು ಮಾರುಕಟ್ಟೆಯಿಂದ ತೆಗೆದರು. ಆ ವರದಿಯ ಲೆಕ್ಕದಲ್ಲಿ ಮೂರು ಹೃದಯಾಘಾತ ಬಿಟ್ಟುಹೋಗಿವೆ ಅಂತ ಜರ್ನಲ್ ಬಹಿರಂಗವಾಗಿ ಕಳವಳ ವ್ಯಕ್ತಪಡಿಸಿದ್ದು 2005ರ ಡಿಸೆಂಬರ್‌ನಲ್ಲಿ. ಪ್ರತಿಗಳ ದುಡ್ಡಿಗಾಗಿಯೇ ಸುಮ್ಮನಿದ್ದರು ಅಂತ ನಾನು ಹೇಳಲ್ಲ. ಆದರೆ ಅದೇ ಸಕ್ಕರೆಯ ಸಮಸ್ಯೆ ನೋಡಿ. ಹಾಗಲ್ಲ ಅಂತ ಹೇಳೋಕೂ ದಾರಿ ಇಲ್ಲ.

ಈಗಿನ ಮಾದರಿ ಇನ್ನೂ ನೇರ. ಓದುಗರಿಗೆ ಉಚಿತ, ಲೇಖಕರು ದುಡ್ಡು ಕೊಡಬೇಕು, ಅದೂ ಲೇಖನ ಸ್ವೀಕಾರ ಆದರೆ ಮಾತ್ರ. ಜ್ಞಾನ ಎಲ್ಲರಿಗೂ ಸಿಗಲಿ ಅನ್ನೋ ಒಳ್ಳೇ ಉದ್ದೇಶದಿಂದ ಬಂದಿದ್ದು. ಆದರೆ ತಿರಸ್ಕರಿಸಿದರೆ ಸೊನ್ನೆ, ಒಪ್ಪಿಕೊಂಡರೆ ಆದಾಯ ಅಂತ ಇರುವ ಅಂಗಡಿಯಲ್ಲಿ ಬಾಗಿಲು ಯಾವ ಕಡೆಗೆ ವಾಲುತ್ತೆ? ವೈಲಿ ಪ್ರಕಾಶನ 2021ರಲ್ಲಿ ಹಿಂದಾವಿ ಅನ್ನೋ ಇಂಥ ಪ್ರಕಾಶನವನ್ನು 29.8 ಕೋಟಿ ಡಾಲರ್‌ಗೆ ಕೊಂಡಿತು. ಅತಿಥಿ ಸಂಪಾದಕರ ವಿಶೇಷ ಸಂಚಿಕೆಗಳ ಮೂಲಕ ಅಲ್ಲಿಗೆ ನಕಲಿ ಲೇಖನಗಳು ರಾಶಿ ರಾಶಿ ನುಗ್ಗಿದ್ದವು. 2023 ಒಂದೇ ವರ್ಷದಲ್ಲಿ ಹಿಂದಾವಿ ಎಂಟು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ವಾಪಸ್ ತಗೋಬೇಕಾಯ್ತು. ಬೇಲಿ ಎದ್ದು ಹೊಲ ಮೇಯಲೇಬೇಕು ಅಂತೇನಿಲ್ಲ, ತೆರೆದುಕೊಂಡಷ್ಟೂ ಬೇಲಿಗೆ ಕಾಸು ಸಿಗೋ ಹಾಗಿದ್ದರೆ ಸಾಕು.

ಇಲ್ಲಿಗೆ ಬಂದ ಮೇಲೆ ಒಂದು ನ್ಯಾಯವಾದ ಆಕ್ಷೇಪ ಏಳುತ್ತೆ. ಹೀಗೆ ನೋಡ್ತಾ ಹೋದರೆ ಹಿತಾಸಕ್ತಿ ಇಲ್ಲದವರು ಯಾರಿದ್ದಾರೆ? ಒಂದು ಅಪರೂಪದ ಕಾಯಿಲೆಯ ಬಗ್ಗೆ ಇಡೀ ಜಗತ್ತಿನಲ್ಲಿ ಬಲ್ಲವರು ಐವತ್ತು ಜನ ಇದ್ದರೆ, ಅವರೆಲ್ಲ ಒಬ್ಬರಿಗೊಬ್ಬರು ಗುರು, ಶಿಷ್ಯ, ಸ್ನೇಹಿತ, ಪ್ರತಿಸ್ಪರ್ಧಿ. ಔಷಧಿ ಕಂಪನಿಗಳು ಸಲಹೆ ಕೇಳೋದೂ ಅವರನ್ನೇ. ಉಂಡವರನ್ನೆಲ್ಲ ಹೊರಗೆ ಹಾಕಿದರೆ ಆ ಮನೆಯ ಬಗ್ಗೆ ಗೊತ್ತಿರುವವರು ಯಾರೂ ಉಳಿಯಲ್ಲ.

ಇದಕ್ಕೆ ನನಗೆ ಹೊಳೆಯೋ ಉತ್ತರ ನಮ್ಮ ಹಳ್ಳಿಗಳ ಹಾಲಿನ ಡೇರಿ. ಸಂಘದಲ್ಲಿ ಹಾಲು ಅಳೆಯೋನ ಮನೆಯಲ್ಲೂ ಹಸು ಇರುತ್ತೆ. ಅವನ ಚಿಕ್ಕಪ್ಪನ ಮನೆಯಲ್ಲೂ ಇರುತ್ತೆ, ಅವನಿಗೆ ಆಗದವರ ಮನೆಯಲ್ಲೂ ಇರುತ್ತೆ. ಹಸುವೇ ಇಲ್ಲದವನನ್ನು ಹುಡುಕಿ ತಂದು ಕೂರಿಸೋಕೆ ಯಾರೂ ಹೋಗಲ್ಲ. ಮಾಡೋದು ಇಷ್ಟೇ. ಎಲ್ಲರ ಹಾಲಿಗೂ ಒಂದೇ ಮಿಷನ್. ಫ್ಯಾಟ್ ಎಷ್ಟು ಅನ್ನೋ ಅಂಕಿ ಕ್ಯೂನಲ್ಲಿ ನಿಂತವರಿಗೂ ಕಾಣಬೇಕು. ಕಂಡ ಕೂಡಲೇ ಪಾಸ್‌ಬುಕ್‌ನಲ್ಲಿ ಬರೀಬೇಕು, ಸಂಜೆ ನೋಡೋಣ ಅನ್ನೋ ಹಾಗಿಲ್ಲ. ಆಮೇಲೆ ಕ್ಯಾನುಗಳು ಊರಾಚೆ ಹೋದಾಗ ಅಲ್ಲಿ ಇನ್ನೊಂದು ಸಲ ಪರೀಕ್ಷೆ ಆಗುತ್ತೆ, ಊರಿನ ಯಾರ ಮುಲಾಜೂ ಇಲ್ಲದವರಿಂದ. ಅಳೆಯೋನು ದೇವರಂಥವನಾ, ಕಳ್ಳನಾ ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ವಿಜ್ಞಾನದಲ್ಲೂ ಕೆಲಸ ಮಾಡಿರುವ ಸುಧಾರಣೆಗಳು ಇದೇ ಜಾತಿಯವು. ಔಷಧಿ ಪ್ರಯೋಗ ಶುರು ಮಾಡೋಕೆ ಮೊದಲೇ ಏನು ಅಳೀತೀವಿ, ಹೇಗೆ ಅಳೀತೀವಿ ಅಂತ ಸಾರ್ವಜನಿಕವಾಗಿ ನೋಂದಾಯಿಸಿ, ಇಲ್ಲದಿದ್ದರೆ ಪ್ರಕಟಿಸಲ್ಲ ಅಂತ ದೊಡ್ಡ ವೈದ್ಯಕೀಯ ಜರ್ನಲ್‌ಗಳು 2005ರಿಂದ ಪಟ್ಟು ಹಿಡಿದವು. ಭಾರತದ ನೋಂದಣಿ ಕೇಂದ್ರ ಸಿಟಿಆರ್‌ಐ 2007ರಲ್ಲಿ ಶುರುವಾಗಿ, 2009ರ ಜೂನ್‌ನಿಂದ ಕಡ್ಡಾಯ ಆಯ್ತು. ಆರು ರೋಗಿಗಳು ಲೆಕ್ಕದಿಂದ ಮಾಯವಾದರೆ ಹಿಡಿಯೋಕೆ ಈಗ ಒಂದು ಪಾಸ್‌ಬುಕ್ ಇದೆ. 2013ರಲ್ಲಿ 'ಕಾರ್ಟೆಕ್ಸ್' ಅನ್ನೋ ಜರ್ನಲ್ ಇನ್ನೂ ಮುಂದೆ ಹೋಯ್ತು. ಪ್ರಯೋಗದ ಯೋಜನೆ ಮಾತ್ರ ಕಳಿಸಿ, ಅದನ್ನು ನೋಡಿ ಒಪ್ಪಿಗೆ ಕೊಡ್ತೀವಿ, ಫಲಿತಾಂಶ ಏನೇ ಬರಲಿ ಪ್ರಕಟಿಸ್ತೀವಿ ಅಂತ. ಫಲಿತಾಂಶ ಯಾರಿಗೆ ಲಾಭ ಅನ್ನೋದು ಆಗ ಇನ್ನೂ ಯಾರಿಗೂ ಗೊತ್ತಿಲ್ಲ, ಹಾಗಾಗಿ ರಿವ್ಯೂ ಮಾಡೋರ ಬೆರಳು ವಾಲೋಕೂ ಕಡೆ ಇಲ್ಲ.

ಇದರ ಜೊತೆ ಉಂಡವರಿಗೆ ಎರಡು ಬೇರೆ ಬೇರೆ ಪಾತ್ರಗಳನ್ನು ಬಿಡಿಸಿ ಕೊಡಬೇಕು. ಅವರು ಸಾಕ್ಷಿ ಹೇಳಬಹುದು, ತೀರ್ಪು ಕೊಡಬಾರದು. ಕಂಪನಿಯ ಜೊತೆ ಹತ್ತು ವರ್ಷ ಕೆಲಸ ಮಾಡಿದ ತಜ್ಞರಷ್ಟು ಆ ಔಷಧಿಯನ್ನು ಬಲ್ಲವರಿಲ್ಲ, ಅವರನ್ನು ಕೇಳಲೇಬೇಕು. ಆದರೆ ಅವರು ಹೇಳಿದ ಮೇಲೆ ಎದ್ದು ಆಚೆ ಹೋಗಲಿ, ನಿರ್ಧಾರ ಅವರಿಂದ ಪ್ರಮೋಷನ್ ಆಗಬೇಕಿಲ್ಲದ ಬೇರೊಬ್ಬರು ಮಾಡಲಿ. ಸಂಪಾದಕರ ಲೇಖನ ಅವರ ಜರ್ನಲ್‌ಗೇ ಬಂದರೆ ಕೈಕೆಳಗಿನವರಿಗೆ ಹೋಗದೆ ಹೊರಗಿನವರಿಗೆ ಹೋಗಲಿ. ಮಾರ್ಸೇ ಲೇಖನಕ್ಕೆ ಕೊನೆಗೂ ಅದೇ ಆಯ್ತು. ನೆದರ್ಲೆಂಡ್ಸ್‌ನ ಒಬ್ಬ ಹೊರಗಿನ ತಜ್ಞರಿಂದ ವಿಮರ್ಶೆ ಬರೆಸಿ, 2020ರ ಜುಲೈನಲ್ಲಿ ಅದೇ ಜರ್ನಲ್ ಅದನ್ನು ಪ್ರಕಟಿಸಿತು. ಮೊದಲೇ ಕೇಳಬಹುದಾಗಿದ್ದ ಪ್ರಶ್ನೆಗಳನ್ನೆಲ್ಲ ಅವರು ಕಟುವಾಗಿಯೇ ಕೇಳಿದ್ದರು. ಹಾಗಿದ್ದೂ ಮೂಲ ಲೇಖನವನ್ನು ವಾಪಸ್ ತೆಗೆದಿದ್ದು 2024ರ ಡಿಸೆಂಬರ್‌ನಲ್ಲಿ. ಒಪ್ಪಿಕೊಳ್ಳೋಕೆ ಒಂದು ದಿನ, ಬಿಟ್ಟುಕೊಡೋಕೆ ನಾಲ್ಕು ವರ್ಷ ಒಂಬತ್ತು ತಿಂಗಳು.

ನಾವು ಯಾರೂ ಜರ್ನಲ್ ಸಂಪಾದಕರಲ್ಲ. ಆದರೆ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಾಗ ನಾವೇ ರೆಫರ್ ಮಾಡಿದವರ ರೆಸ್ಯೂಮೆ ಬರುತ್ತೆ. ವೆಂಡರ್ ಆಯ್ಕೆ ಮಾಡುವಾಗ ಹಳೇ ಕಂಪನಿಯ ಗೆಳೆಯ ಡೆಮೋ ಕೊಡೋಕೆ ಬರ್ತಾನೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನಲ್ಲಿ ಪೇಂಟಿಂಗ್ ಕಾಂಟ್ರಾಕ್ಟಿಗೆ ಭಾವನ ಕೊಟೇಶನ್ನೂ ಇರುತ್ತೆ. 'ನಂಗೆ ಗೊತ್ತಿರೋನೇ, ಆದ್ರೆ ನಾನು ನ್ಯಾಯವಾಗೇ ನೋಡ್ತೀನಿ' ಅಂತ ಮೀಟಿಂಗಿನಲ್ಲಿ ಹೇಳಿ ಮುಂದುವರಿಯೋರೇ ಹೆಚ್ಚು. ಅದು ನಾಣ್ಯದ ಜಾಡಿ ಪಕ್ಕ ಕೂತ ಸಲಹೆಗಾರನ ಮಾತು. ಹೇಳೋದಕ್ಕೆ ಕಷ್ಟವಾದ, ಆದರೆ ಕೆಲಸಕ್ಕೆ ಬರೋ ಮಾತು ಬೇರೆ. 'ನಂಗೆ ಗೊತ್ತಿರೋನು. ಅವನ ಬಗ್ಗೆ ಗೊತ್ತಿದ್ದು ಹೇಳ್ತೀನಿ. ನಿರ್ಧಾರ ನೀವು ಮಾಡಿ.'

ಇಷ್ಟೆಲ್ಲ ಆದ ಮೇಲೆ ಆ ಗಾದೆ ನನಗೆ ಬೇರೆ ಥರ ಕೇಳಿಸ್ತಿದೆ. ಉಂಡ ಮನೆಯ ಜಂತೆ ಎಣಿಸಬಾರದು ಅಂದರೆ ಆ ಜಂತೆಗಳನ್ನು ಯಾರೂ ಎಣಿಸಲೇಬಾರದು ಅಂತ ಅರ್ಥವಲ್ಲ. ಗೆದ್ದಲು ಹಿಡಿದ ಜಂತೆ ಉಂಡವರ ಮೇಲೂ ಬೀಳುತ್ತೆ, ಉಣ್ಣದವರ ಮೇಲೂ ಬೀಳುತ್ತೆ. ಎಣಿಕೆ ಆಗಲೇಬೇಕು. ಉಂಡವರು ಮಾಡೋದು ಬೇಡ, ಅಷ್ಟೇ.